ಡ್ಯಾನಿ ಬಾಯ್ ರಾಗ ನಿಜವಾಗ್ಲೂ ಯಾರದು?

ಡ್ಯಾನಿ ಬಾಯ್ ಅನ್ನೋ ಇಂಗ್ಲಿಷ್ ಹಾಡನ್ನ ಒಂದಕ್ಷರ ಅರ್ಥ ಆಗದೇ ಇದ್ರೂ ಕೇಳ್ತಾ ಕೇಳ್ತಾ ಗಂಟಲು ಕಟ್ಕೊಳತ್ತೆ. ಯಾಕೆ ಅಂತ ನಮ್ಮ ಸ್ವರಗಳಲ್ಲೇ ಹಾಡ್ಕೊಂಡು ನೋಡಿ. ಕೆಳಗಿನ ನಿಷಾದದಿಂದ ನಿ ಸ ರಿ ಗ ಅಂತ ಮೆಟ್ಟಿಲು ಹತ್ತೋ ಥರ ಶುರು ಆಗತ್ತೆ, ಬಳಸೋದು ನಮ್ಮ ಶಂಕರಾಭರಣದ ಸ್ವರಗಳನ್ನೇ. ಎರಡನೇ ಅರ್ಧದಲ್ಲಿ ಮೇಲಿನ ಷಡ್ಜಕ್ಕೆ ಹೋಗಿ ಇಳಿಯತ್ತೆ, ಮತ್ತೆ ಹೋಗಿ ಇಳಿಯತ್ತೆ, ಕೊನೆಗೆ ಪಂಚಮದ ಮೇಲೆ ನಿಂತಿದ್ದು ಒಂದೇ ನೆಗೆತಕ್ಕೆ ತಾರಸ್ಥಾಯಿ ಗಾಂಧಾರ ಹಿಡಿಯತ್ತೆ. ಇಡೀ ಚರಣದಲ್ಲಿ ಆ ಸ್ವರ ಬರೋದು ಅದೊಂದೇ ಸಲ, ಅಲ್ಲೇ ಎದೆ ಹಿಂಡೋದು.

ಇಷ್ಟು ಅಳಿಸೋ ಹಾಡು ಸಾವಿರಾರು ವರ್ಷ ಹಳೇದೇ ಇರ್ಬೇಕು ಅಂತ ನಾವು ಅಂದ್ಕೊಂಡುಬಿಡ್ತೀವಿ. ಆದ್ರೆ ಸಾಹಿತ್ಯ ಬರೆದದ್ದು ಫ್ರೆಡ್ರಿಕ್ ವೆದರ್ಲಿ ಅನ್ನೋ ಇಂಗ್ಲೆಂಡಿನ ವಕೀಲ, ಅದೂ 1910ರಲ್ಲಿ, ಬೇರೆ ಯಾವುದೋ ಟ್ಯೂನ್‌ಗೆ! 1912ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿದ್ದ ಅವರ ಸೋದರನ ಹೆಂಡತಿ ಮಾರ್ಗರೆಟ್ ಈ ಐರಿಷ್ ರಾಗ ಕಳಿಸಿಕೊಟ್ರು, ಅದಕ್ಕೆ ಸಾಹಿತ್ಯ ಕೂರಿಸಿ 1913ರಲ್ಲಿ ಪ್ರಿಂಟ್ ಆಯ್ತು. ಮೊದಲ ಮಹಾಯುದ್ಧಕ್ಕೆ ಮಗನನ್ನ ಕಳಿಸಿದ ಅಪ್ಪನ ಹಾಡು ಅಂತ ಹೇಳೋರಿದ್ದಾರೆ, ಯುದ್ಧ ಶುರುವಾಗಿದ್ದೇ 1914ರಲ್ಲಿ. ಹಾಡಲ್ಲಿ ಡ್ಯಾನಿ ಅನ್ನೋನು ದೂರ ಹೊರಟಿದ್ದಾನೆ, ಆದ್ರೆ ಅವನು ಯಾರು, ಕಾಯ್ತಾ ಉಳಿಯೋರು ಅಮ್ಮನಾ ಪ್ರೇಯಸಿನಾ ಅಂತ ಸಾಹಿತ್ಯ ಎಲ್ಲೂ ಬಿಟ್ಟು ಹೇಳಲ್ಲ, ಅದಕ್ಕೇ ಪ್ರತಿಯೊಬ್ಬರೂ ತಮ್ಮವರನ್ನ ಅಲ್ಲಿ ಇಟ್ಕೊಳ್ತಾರೆ. ಐರ್ಲೆಂಡಿನವರಿಗಂತೂ ಇಡೋದಕ್ಕೆ ಜನ ಬೇಕಾದಷ್ಟಿದ್ರು. 1845ರಲ್ಲಿ ಶುರುವಾದ ಆಲೂಗಡ್ಡೆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತು, ಅಷ್ಟೇ ಜನ ಹಡಗು ಹತ್ತಿ ಹೋದ್ರು. ಅಮೆರಿಕಕ್ಕೆ ಹೊರಟೋರಿಗೆ ಹಿಂದಿನ ರಾತ್ರಿ ಹೆಣ ಕಾಯೋ ಹಾಗೆ ಎಲ್ಲರೂ ಕೂತು ಹಾಡಿ ಅತ್ತು ಕಳಿಸ್ತಿದ್ರು, ಬದುಕಿರೋರಿಗೇ.

ಸಾಹಿತ್ಯದ ಕಥೆ ಅಲ್ಲಿಗೆ ಮುಗಿಯತ್ತೆ, ಜಗಳ ಇರೋದು ರಾಗದ್ದು, ಅಂದ್ರೆ ಟ್ಯೂನಿಂದು. ಹೆಸರಲ್ಲೇ ಶುರು, ಈ ಟ್ಯೂನನ್ನ ಕರೆಯೋದು ಲಂಡನ್‌ಡೆರಿ ಏರ್ ಅಂತ. ಉತ್ತರ ಐರ್ಲೆಂಡಲ್ಲಿ ಬ್ರಿಟನ್ ಪರ ಇರೋರು ಲಂಡನ್‌ಡೆರಿ ಅನ್ನೋ ಊರನ್ನ ಐರಿಷ್ ರಾಷ್ಟ್ರೀಯವಾದಿಗಳು ಡೆರಿ ಅಂತಾರೆ, ಹಾಗಾಗಿ ಲಂಡನ್‌ಡೆರಿ ಏರ್ ಅನ್ನೋ ಹೆಸರು ಬಾಯಿಗೆ ಬಂದ ತಕ್ಷಣ ನೀವು ಯಾವ ಕಡೆ ಅಂತ ಲೆಕ್ಕ ಹಾಕ್ತಾರೆ. ಆದ್ರೂ 1985ರಲ್ಲಿ ಲಂಡನ್ನಿನಲ್ಲಿ ಐರಿಷ್ ಬಾಕ್ಸರ್ ಬ್ಯಾರಿ ಮೆಕ್‌ಗ್ವಿಗನ್ ವಿಶ್ವ ಪಟ್ಟಕ್ಕೆ ಬಾಕ್ಸಿಂಗ್ ಆಡಿದಾಗ ಯಾವ ರಾಷ್ಟ್ರಗೀತೆನೂ ಬೇಡ ಅಂತ ಅವರಪ್ಪ ರಿಂಗ್‌ನಲ್ಲಿ ನಿಂತು ಡ್ಯಾನಿ ಬಾಯ್ ಹಾಡಿದ್ರು, ಆಗ ಉತ್ತರ ಐರ್ಲೆಂಡಲ್ಲಿ ಈ ಎರಡೂ ಕಡೆಯವರ ಮಧ್ಯೆ ಬಾಂಬು ಗುಂಡು ನಡೀತಾನೇ ಇತ್ತು.

ರಾಗ ಮೊದಲ ಸಲ ಅಚ್ಚಾಗಿದ್ದು 1855ರಲ್ಲಿ, ಜಾರ್ಜ್ ಪೆಟ್ರಿ ಅನ್ನೋರ ಐರಿಷ್ ರಾಗಗಳ ಸಂಗ್ರಹದಲ್ಲಿ. ಕೊಟ್ಟಿದ್ದು ಅದೇ ಲಂಡನ್‌ಡೆರಿ ಸೀಮೆಯ ಲಿಮವಾಡಿ ಊರಿನ ಜೇನ್ ರಾಸ್. ಅವರ ಮನೆ ಎದುರಿಗೆ ಜಿಮ್ಮಿ ಮೆಕರಿ ಅನ್ನೋ ಕುರುಡ ಪಿಟೀಲಿನವನು ನುಡಿಸ್ತಿದ್ದ, ಕೇಳಿ ಬರ್ಕೊಂಡ್ರು ಅಂತ ಊರೋರು ಹೇಳ್ತಾರೆ. ಜಮೀನು ಕಳ್ಕೊಂಡ, ಹಾರ್ಪ್ ಅನ್ನೋ ತಂತಿವಾದ್ಯ ನುಡಿಸ್ತಿದ್ದ ಒಬ್ಬನಿಗೆ ಯಕ್ಷಿಣಿಯರು ಕೇಳಿಸಿದ ರಾಗ ಅನ್ನೋ ಕಥೆನೂ ಇದೆ. ಆದ್ರೆ ಅಷ್ಟೊಂದು ಜನ ರಾಗ ಸಂಗ್ರಹ ಮಾಡ್ತಾ ಓಡಾಡಿದ್ರೂ ಬೇರೆ ಯಾರಿಗೂ ಇದು ಇದೇ ರೂಪದಲ್ಲಿ ಸಿಗಲಿಲ್ಲ, ಅದರ ನಡೆನೂ ಬೇರೆ ಐರಿಷ್ ಹಾಡುಗಳ ಥರ ಇಲ್ಲ, ಹಾಗಾಗಿ ಜೇನ್ ರಾಸ್ ತಾವೇ ಕಟ್ಟಿ ಹಳೇದು ಅಂತ ಕೊಟ್ರು ಅನ್ನೋ ಗುಮಾನಿ ಹುಟ್ಕೊಳ್ತು. ನನಗೆ ಇದು ಆ ಹೆಣ್ಣುಮಗಳಿಗೆ ಮಾಡಿದ ಅನ್ಯಾಯ ಅನ್ಸತ್ತೆ. 1934ರಲ್ಲಿ ಜಾನಪದ ಹಾಡುಗಳ ಸಂಗ್ರಾಹಕಿ ಆನ್ ಗಿಲ್‌ಕ್ರಿಸ್ಟ್ ಬೇರೆ ದಾರಿ ತೋರಿಸಿದ್ರು: ನುಡಿಸಿದವನು ತಾಳವನ್ನ ಎಳೆದು ಎಳೆದು ನುಡಿಸಿರಬೇಕು, ಮೂರರ ನಡೆಯನ್ನ ಜೇನ್ ನಾಲ್ಕರದು ಅಂದ್ಕೊಂಡು ಬರ್ಕೊಂಡಿರಬೇಕು ಅಂತ. ಆಮೇಲೆ 2000ದಲ್ಲಿ ಸಂಶೋಧಕ ಬ್ರಯಾನ್ ಆಡ್ಲಿ, ಬಂಟಿಂಗ್ ಅನ್ನೋರ 1796ರ ಐರಿಷ್ ರಾಗಗಳ ಸಂಗ್ರಹದಲ್ಲಿರೋ 'ಯುವಕನ ಕನಸು' ಅನ್ನೋ ಅರ್ಥದ ಹಾಡಿಗೂ ಇದಕ್ಕೂ ನೆಂಟಸ್ತಿಕೆ ತೋರಿಸಿದ್ರು. ನಾನು ಒಪ್ಪೋದು ಇದನ್ನೇ.

ಯಾಕಂದ್ರೆ ಆ ಹಾಡು ನುಡಿಸಿದ್ದು ಡೆನಿಸ್ ಹೆಂಪ್ಸನ್ ಅನ್ನೋ ಹಾರ್ಪ್ ವಾದಕರು, ಇದ್ದಿದ್ದು ಲಿಮವಾಡಿ ಹತ್ರಾನೇ, ಮಗಿಲಿಗನ್‌ನಲ್ಲಿ. ಮೂರನೇ ವಯಸ್ಸಲ್ಲಿ ಸಿಡುಬು ಬಂದು ಕಣ್ಣು ಹೋಗಿತ್ತು. 1792ರ ಬೆಲ್‌ಫಾಸ್ಟ್ ಹಾರ್ಪ್ ಮೇಳಕ್ಕೆ ಬಂದವರಲ್ಲಿ ಲೋಹದ ತಂತಿಯನ್ನ ಹಳೇ ಪದ್ಧತಿಯಲ್ಲಿ ಉದ್ದ ಉಗುರಿಂದ ಮೀಟ್ತಿದ್ದಿದ್ದು ಆ ಮುದುಕ ಒಬ್ಬರೇ, ಎದುರಿಗೆ 19 ವರ್ಷದ ಎಡ್ವರ್ಡ್ ಬಂಟಿಂಗ್ ಪೆನ್ ಹಿಡಿದು ಕೂತಿದ್ದ. ಅವನು ಹೆಸರು ಸಮೇತ ಬರೆದಿಟ್ಟಿದ್ದಕ್ಕೆ ಹೆಂಪ್ಸನ್ ಉಳಿದ್ರು, ಅವರ 1702ರ ಹಾರ್ಪ್ ಕೂಡ ಇವತ್ತಿಗೂ ಡಬ್ಲಿನ್‌ನಲ್ಲಿದೆ. ಜೇನ್ ರಾಸ್‌ಗೆ ರಾಗ ಕೊಟ್ಟವರ ಹೆಸರು ಪೆಟ್ರಿ ಪುಸ್ತಕದಲ್ಲಿ ಇಲ್ಲ. ರಾಗದ ಹೆಸರು ಸಿಗಲಿಲ್ಲ ಅಂತ ಮಾತ್ರ ಪೆಟ್ರಿ ಪೇಚಾಡ್ಕೊಂಡಿದ್ದಾರೆ.