ಮೂರನೆಯವನಿಗೂ ಜಾಗ: ಮನೆಯಲ್ಲೇ ಮಾಡುವ ಆಟದ ಪೆಟ್ಟಿಗೆಯ ಅಳತೆಯ ಕಥೆ

'ಮುಸ್ತಫಾ' ಎಂಬ ವಿಡಿಯೋ ಗೇಮನ್ನು ಮೂರು ಜನ ಒಟ್ಟಿಗೆ ಆಡಬಹುದಿತ್ತು ಅಂತ ಗೊತ್ತಾಗುವಾಗ ನನಗೆ ನಲವತ್ತು ದಾಟಿತ್ತು.

ತೊಂಬತ್ತರ ದಶಕದ ಕೊನೆ. ಕಾಸರಗೋಡಿನಲ್ಲಿ ಬಸ್ಸಿಳಿದು ಓಣಿಯೊಳಗೆ ಹೋದರೆ ಒಂದು ವಿಡಿಯೋ ಗೇಮ್ ಅಂಗಡಿ. ಬಾಗಿಲಿಗೆ ಕಪ್ಪು ಪರದೆ, ಒಳಗೆ ಬೀಡಿ ಹೊಗೆ, ಗೋಡೆಗೆ ಒರಗಿಸಿದ ಮೂರು ಪೆಟ್ಟಿಗೆ. ಶಾಲೆ ಬಿಟ್ಟ ಮೇಲೆ ನಾವು ಮೂವರು ಹೋಗುತ್ತಿದ್ದೆವು. ಇಬ್ಬರು ಆಡುವುದು, ಒಬ್ಬ ಪಕ್ಕದಲ್ಲಿ ನಿಂತು "ಹಿಂದೆ ಬಂದ, ಹಿಂದೆ ಬಂದ" ಅಂತ ಬೊಬ್ಬೆ ಹಾಕುವುದು. ಆ ಒಬ್ಬ ಹೆಚ್ಚಾಗಿ ನಾನೇ.

ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಬಿಟ್ಟದ್ದು. ಅದರ ನಾಲ್ಕು ಪಾತ್ರಗಳಲ್ಲಿ ಒಬ್ಬ ಮುಸ್ತಫಾ. ನಮ್ಮ ಕಡೆ ಅವನ ಹೆಸರೇ ಆಟಕ್ಕೂ ಅಂಟಿತು. ಮೂರು ಜನ ಆಡುವಂತೆ ಮಾಡಿದ ಆಟ ನಮ್ಮ ಓಣಿಗೆ ಬರುವಾಗ ಇಬ್ಬರದ್ದಾಗಿತ್ತು. ತಪ್ಪು ಆಟದ್ದಲ್ಲ, ಪೆಟ್ಟಿಗೆಯದ್ದು.

ಇದೆಲ್ಲ ಈಗ ಯಾಕೆ ಅಂದರೆ, ನಮ್ಮ ಊರಿನ ಕ್ಲಬ್ಬಿನಲ್ಲಿ ಅಂಥದ್ದೇ ಒಂದು ಪೆಟ್ಟಿಗೆ ಮಾಡಲು ಹೊರಟಿದ್ದೇವೆ. ಬದಿಯಡ್ಕದಿಂದ ಸ್ವಲ್ಪ ಒಳಗೆ, ಕ್ಯಾರಂ ಬೋರ್ಡು, ಕಬ್ಬಿಣದ ಕಪಾಟು, ಹಳೆ ಟ್ರೋಫಿಗಳಿರುವ ಒಂದೇ ಕೋಣೆಯ ಕ್ಲಬ್ಬು. ನಾಲ್ಕು ಜನ ಆಡಬೇಕು ಎನ್ನುವುದು ಮೊದಲ ದಿನವೇ ತೀರ್ಮಾನವಾಯಿತು. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಎನ್ನುವುದಕ್ಕೆ ಮಾತ್ರ ಎರಡು ತಿಂಗಳು ಹಿಡಿಯಿತು. ಟಿವಿ ಎಷ್ಟು ಇಂಚಿನದ್ದು ಅಂತಲೇ ಎಲ್ಲರೂ ಕೇಳುತ್ತಿದ್ದರು. ಕೇಳಬೇಕಾದದ್ದು ಮೊಣಕೈಗೆ ಎಷ್ಟು ಜಾಗ ಬೇಕು ಅಂತ.

ಹಾಗೆ ನೋಡಿದರೆ ಈ ಪೆಟ್ಟಿಗೆಗಳ ಕಥೆ ಒಬ್ಬನಿಂದಲ್ಲ, ಇಬ್ಬರಿಂದಲೇ ಗಟ್ಟಿಯಾದದ್ದು. 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ 'ಪಾಂಗ್' ಆಟ ಬಂತು. ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಬಾರಿನಲ್ಲಿ ಅದರ ಮೊದಲ ಮಾದರಿಯನ್ನು ಇಟ್ಟಿದ್ದರು. ಅದು ಕೆಟ್ಟಿದೆ ಅಂತ ಕರೆ ಬಂದು ಹೋಗಿ ನೋಡಿದರೆ ನಾಣ್ಯದ ಡಬ್ಬಿ ತುಂಬಿ ತುಳುಕುತ್ತಿತ್ತಂತೆ. ಪಾಂಗ್‌ಗೆ ಇದ್ದದ್ದು ಎರಡು ತಿರುಗಣಿ. ಒಬ್ಬನೇ ಆಡುವ ಹಾಗೇ ಇರಲಿಲ್ಲ, ಪಕ್ಕದಲ್ಲಿ ಇನ್ನೊಬ್ಬ ನಿಲ್ಲಲೇಬೇಕು. ಮರು ವರ್ಷವೇ ನಾಲ್ಕು ತಿರುಗಣಿಯ 'ಪಾಂಗ್ ಡಬಲ್ಸ್' ಬಂತು.

ಆಮೇಲೆ ಎಲ್ಲರಿಗೂ ಹುಚ್ಚು ಹಿಡಿಯಿತು. 1975ರ 'ಇಂಡಿ 800' ಕಾರಿನ ಆಟ ಎಂಟು ಜನರದ್ದು. ಚೌಕಾಕಾರದ ದೊಡ್ಡ ಪೆಟ್ಟಿಗೆ, ನಡುವೆ ಮೇಲ್ಮುಖ ಮಲಗಿಸಿದ ಬಣ್ಣದ ಪರದೆ, ಒಂದೊಂದು ಬದಿಗೆ ಎರಡೆರಡು ಸ್ಟೀರಿಂಗು. ಸುತ್ತ ನಿಂತವರಿಗೆ ಕಾಣಲಿ ಅಂತ ಮೇಲೆ ಕನ್ನಡಿ ಬೇರೆ. ನಮ್ಮ ಕ್ಲಬ್ಬಿನಲ್ಲಿ ಅದನ್ನಿಟ್ಟರೆ ಕ್ಯಾರಂ ಬೋರ್ಡು ಅಂಗಳಕ್ಕೆ ಹೋಗಬೇಕು.

ಕ್ಯಾರಂ ಬೋರ್ಡಿನ ಹಾಗೆ ಮೇಜೇ ಮಾಡಿದರೆ ಹೇಗೆ ಅಂತ ಕ್ಲಬ್ಬಿನ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕ್ಯಾರಂ ಆಡುವ ಚೌಕ 74 ಸೆಂಟಿಮೀಟರ್ ಮಾತ್ರ, ಆದರೂ ನಾಲ್ಕು ಜನ ಆರಾಮವಾಗಿ ಕೂರುತ್ತಾರೆ. ನಾಲ್ಕು ಬದಿ ಇದೆಯಲ್ಲ, ಯಾರ ಮೊಣಕೈಯೂ ಯಾರಿಗೂ ತಾಗುವುದಿಲ್ಲ. ಮೇಜಿನ ಪೆಟ್ಟಿಗೆಗಳು ಇದ್ದವು ಕೂಡ. 1978ರ 'ಸ್ಪೇಸ್ ಇನ್ವೇಡರ್ಸ್' ಜಪಾನಿನ ಕಾಫಿ ಅಂಗಡಿಗಳಲ್ಲಿ ಹರಡಿದ್ದೇ ಮೇಜಿನ ರೂಪದಲ್ಲಿ. 1980ರ 'ವಾರ್‌ಲಾರ್ಡ್ಸ್' ಆಟದ ಮೇಜಿನಲ್ಲಿ ನಾಲ್ವರು ಆಡಬಹುದಿತ್ತು. ಆದರೆ ನಮಗೆ ಬೇಕಾದ ಆಟಗಳಲ್ಲಿ ಮನುಷ್ಯರು ನೆಲದ ಮೇಲೆ ನಡೆಯುತ್ತಾರೆ. ಚಿತ್ರಕ್ಕೆ ಮೇಲೆ ಕೆಳಗೆ ಇದೆ. ಎದುರು ಕೂತವನಿಗೆ ಮುಸ್ತಫಾ ತಲೆಕೆಳಗಾಗಿ ನಡೆಯುತ್ತಾನೆ. ಹಾಗಾಗಿ ಮೇಜು ಬೇಡ ಅಂತಾಯಿತು.

ನಾಲ್ಕು ಜನರನ್ನು ಒಂದೇ ಬದಿಯಲ್ಲಿ ನಿಲ್ಲಿಸುವ ಕಷ್ಟಕ್ಕೆ ಚೆನ್ನಾದ ದಾರಿ ತೋರಿಸಿದ್ದು 1985ರ 'ಗಾಂಟ್ಲೆಟ್'. ಅಟಾರಿ ಗೇಮ್ಸ್‌ನ ಎಡ್ ಲಾಗ್ ಮಾಡಿದ ಆಟ. ನಾಲ್ಕು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದೊಂದು ನಾಣ್ಯದ ಬಾಯಿ. ಆಟದ ನಡುವೆ ಯಾರು ಬೇಕಾದರೂ ನಾಣ್ಯ ಹಾಕಿ ಸೇರಿಕೊಳ್ಳಬಹುದು. ಅಂದರೆ ಮೂರನೆಯವನು ಕಾಯಬೇಕಾಗಿಲ್ಲ. ಅಂಗಡಿಯವನಿಗೂ ಲಾಭ, ಒಂದೇ ಪೆಟ್ಟಿಗೆಗೆ ನಾಲ್ಕು ಜೇಬು. 1989ರ 'ಟರ್ಟಲ್ಸ್' ಆಟದಲ್ಲಿ ಕೊನಾಮಿ ಕಂಪನಿ ಇದೇ ದಾರಿ ಹಿಡಿಯಿತು. 1992ರ 'ಎಕ್ಸ್-ಮೆನ್' ಪೆಟ್ಟಿಗೆಯಲ್ಲಂತೂ ಆರು ಜನ! ಅದಕ್ಕೆ ಎರಡು ಪರದೆ. ಒಂದನ್ನು ಕನ್ನಡಿಯಲ್ಲಿ ಮೂಡಿಸಿ ಎರಡೂ ಒಂದೇ ಉದ್ದ ಚಿತ್ರದಂತೆ ಕಾಣುವ ಹಾಗೆ ಜೋಡಿಸಿದ್ದರು.

ಹಾಗಾದರೆ ನಮ್ಮ ಓಣಿಗೆ ಇದು ಯಾಕೆ ಬರಲಿಲ್ಲ? ಗಾಂಟ್ಲೆಟ್ ಬಂದ ವರ್ಷವೇ, 1985ರಲ್ಲಿ, ಜಪಾನಿನಲ್ಲಿ ಜಮ್ಮಾ ಎಂಬ ವೈರಿಂಗ್ ಪದ್ಧತಿ ಶುರುವಾಗಿತ್ತು. 56 ಪಿನ್ನಿನ ಒಂದು ಕನೆಕ್ಟರ್. ಹಳೆ ಆಟದ ಬೋರ್ಡು ಎಳೆದು ಹೊಸದನ್ನು ಸಿಕ್ಕಿಸಿದರೆ ಆಯಿತು, ಪೆಟ್ಟಿಗೆ ಅದೇ. ಚಿಕ್ಕ ಊರಿನ ಅಂಗಡಿಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಆದರೆ ಆ 56 ಪಿನ್ನುಗಳಲ್ಲಿ ಜಾಗ ಇದ್ದದ್ದು ಇಬ್ಬರಿಗೆ. ಮೂರನೆಯವನ ವಯರು ಬೇರೆ ಕನೆಕ್ಟರಿನಿಂದ ಬರಬೇಕು, ಅವನಿಗಾಗಿ ಜಾಯ್‌ಸ್ಟಿಕ್, ಬಟನ್ನು ಕೂರುವ ಪ್ಯಾನೆಲ್ ಅಗಲ ಮಾಡಬೇಕು. 1991ರಲ್ಲಿ 'ಸ್ಟ್ರೀಟ್ ಫೈಟರ್ 2' ಬಂದು ಇಬ್ಬರ ಕುಸ್ತಿಯೇ ದೊಡ್ಡ ವ್ಯಾಪಾರವಾದ ಮೇಲೆ ಓಣಿಯ ಅಂಗಡಿಯಲ್ಲಿ ಯಾರು ಆ ಕೆಲಸಕ್ಕೆ ಹೋಗುತ್ತಾರೆ? ನಾನು ಪಕ್ಕದಲ್ಲಿ ನಿಂತು ಬೊಬ್ಬೆ ಹಾಕಿದ್ದರ ಹಿಂದೆ ಇಷ್ಟೆಲ್ಲ ಇತ್ತು.

ಮನೆಯಲ್ಲೇ ಪೆಟ್ಟಿಗೆ ಮಾಡುವ ಹವ್ಯಾಸ ಹುಟ್ಟಿದ್ದು ಆಮೇಲೆ. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ 'ಮೇಮ್' ಎಂಬ ಸಾಫ್ಟ್‌ವೇರ್ ಬಿಟ್ಟರು. ಹಳೆ ಆಟದ ಬೋರ್ಡುಗಳ ಕೆಲಸವನ್ನು ಸಾಮಾನ್ಯ ಕಂಪ್ಯೂಟರಿನಲ್ಲೇ ಮಾಡಿ ತೋರಿಸುವ ಸಾಫ್ಟ್‌ವೇರ್. 2012ರಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್ ಬಂದ ಮೇಲೆ ಅದಕ್ಕೆ ಜಾಗ ಹುಡುಕುವ ಚಿಂತೆಯೂ ಹೋಯಿತು. (ಆಟಗಳ ಹಕ್ಕು ಮಾತ್ರ ಕಂಪನಿಗಳದ್ದೇ. ಅದನ್ನು ಮರೆತು ನಾಣ್ಯ ಹಾಕಿಸಿ ದುಡ್ಡು ಮಾಡಲು ಹೋಗಬೇಡಿ.) ಕೊನೆಗೆ ಉಳಿದ ಕಷ್ಟವೆಂದರೆ ಮರ ಮತ್ತು ಮನುಷ್ಯರು.

ಮನುಷ್ಯರಿಂದ ಶುರು ಮಾಡಿದೆವು. ಬೆಳೆದ ಗಂಡಸಿನ ಭುಜ ಸುಮಾರು 45 ಸೆಂಟಿಮೀಟರ್. ನಾಲ್ಕು ಜನ ನೇರ ನಿಂತರೆ 180. ಅಷ್ಟು ಅಗಲದ ಪೆಟ್ಟಿಗೆ ಹುಚ್ಚುತನ. ಆದರೆ ಆಡುವವರು ನೇರ ನಿಲ್ಲುವುದಿಲ್ಲ, ಬಸ್ಸಿನ ಬಾಗಿಲಲ್ಲಿ ನಿಂತ ಹಾಗೆ ಸ್ವಲ್ಪ ಓರೆಯಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ 30 ಸಿಕ್ಕಿದರೆ ನಡೆಯುತ್ತದೆ. ಅಲ್ಲಿಗೆ 120. ಪ್ಲೈವುಡ್ ಶೀಟಿನ ಅಗಲ ನಾಲ್ಕು ಅಡಿ, ಅಂದರೆ 122. ಶೀಟಿನ ಅಡ್ಡಕ್ಕೆ ಒಂದು ಪಟ್ಟಿ ಕೊಯ್ದರೆ ಪ್ಯಾನೆಲ್ ಸಿದ್ಧ. ಎರಡು ಸೆಂಟಿಮೀಟರ್ ಗರಗಸಕ್ಕೆ ದಾನ.

ಪಕ್ಕದ ಹಲಗೆಗಳೂ ಅದೇ ಲೆಕ್ಕದಲ್ಲಿ ಬಂದವು. 170 ಎತ್ತರ, 60ಕ್ಕೆ ಸ್ವಲ್ಪ ಕಡಿಮೆ ಆಳ. ಒಂದೇ ಶೀಟಿನಲ್ಲಿ ಎರಡೂ ಸಿಗುತ್ತವೆ. ಪ್ಯಾನೆಲ್ಲಿನ ಎತ್ತರ 95. ಮಕ್ಕಳಿಗೆ ಒಂದು ಮಣೆ ಇಟ್ಟರಾಯಿತು.

ಟಿವಿಯಲ್ಲಿ ಒಂದು ಮೋಸ ಇದೆ. ಹಳೆ ಆಟಗಳ ಚಿತ್ರದ ಅಗಲ-ಎತ್ತರದ ಲೆಕ್ಕ 4:3, ಈಗಿನ ಟಿವಿಯದ್ದು 16:9. ಮೂಲೆಯಿಂದ ಮೂಲೆಗೆ 32 ಇಂಚಿನ ಟಿವಿಯ ಪರದೆ 71 ಸೆಂಟಿಮೀಟರ್ ಅಗಲ, 40 ಎತ್ತರ. ಅದರಲ್ಲಿ ಹಳೆ ಆಟಕ್ಕೆ ಸಿಗುವುದು 53 ಅಗಲ ಮಾತ್ರ, ಎರಡೂ ಬದಿ ಕಪ್ಪು ಪಟ್ಟಿ. ಅಂದರೆ ನಿಮ್ಮ 32 ಇಂಚು ನಿಜಕ್ಕೂ 26 ಇಂಚು. 24 ಇಂಚಿನ ಮಾನಿಟರ್ ಹಾಕಿದರೆ 20 ಇಂಚೂ ಸಿಗುವುದಿಲ್ಲ. ಇಬ್ಬರಿಗೆ ಅದು ಧಾರಾಳ. ನಾಲ್ವರಲ್ಲಿ ತುದಿಯಲ್ಲಿ ನಿಂತವನಿಗೆ ಸಾಲದು. ಓರೆಯಿಂದ ನೋಡಿದರೆ ಬಣ್ಣ ಮಾಸುವ ಅಗ್ಗದ ಪರದೆಯಾದರಂತೂ ಅವನು ಕತ್ತಲಲ್ಲೇ ಆಡಬೇಕು.

ಕೊಯ್ಯುವ ಮೊದಲು ರಟ್ಟಿನಲ್ಲಿ ಮಾಡಿ ನೋಡೋಣ ಎಂದದ್ದು ಮರಗೆಲಸದ ಆಚಾರಿ. ಫ್ರಿಜ್ ಬಂದ ರಟ್ಟಿನ ಡಬ್ಬಿ ತಂದು, ಅಳತೆಗೆ ಕತ್ತರಿಸಿ, ಪ್ಯಾನೆಲ್ ಮೇಲೆ ಪೆನ್ಸಿಲಿನಲ್ಲಿ ವೃತ್ತ ಎಳೆದೆವು. ಮೊದಲ ತಪ್ಪು ಬಾಗಿಲಲ್ಲೇ ಸಿಕ್ಕಿತು. ಕ್ಲಬ್ಬಿನ ಬಾಗಿಲು 80 ಸೆಂಟಿಮೀಟರ್. ಪೆಟ್ಟಿಗೆಯನ್ನು ಅಡ್ಡ ತಿರುಗಿಸಿದರೆ ಆಳ 60, ಸಲೀಸು. ಆದರೆ ಮುಂದಕ್ಕೆ ಚಾಚಿದ 30ರ ಪ್ಯಾನೆಲ್ ಸೇರಿ 90 ಆಗಿತ್ತು. ರಟ್ಟಾದ್ದರಿಂದ ಮಡಚಿ ಒಳಗೆ ತಂದೆವು. ಪ್ಲೈವುಡ್ ಮಡಚಲು ಆಗುತ್ತದಾ? ಹಾಗಾಗಿ ಪ್ಯಾನೆಲ್ ಈಗ ನಾಲ್ಕು ಬೋಲ್ಟಿನಲ್ಲಿ ಬಿಚ್ಚಿ ತೆಗೆಯುವಂಥದ್ದು.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮದ್ದು. ತುದಿಯ ಇಬ್ಬರಿಗೆ ಅನುಕೂಲವಾಗಲಿ ಅಂತ ಪ್ಯಾನೆಲ್ಲಿನ ಎರಡೂ ಮೂಲೆಗಳನ್ನು ಓರೆ ಮಾಡಿದ್ದೆವು. ಜಾಯ್‌ಸ್ಟಿಕ್ಕನ್ನೂ ಆ ಓರೆಗೆ ತಕ್ಕ ಹಾಗೆ ತಿರುಗಿಸಿ ಗುರುತು ಹಾಕಿದ್ದೆ. ಒಬ್ಬ ಹುಡುಗ ತುದಿಯಲ್ಲಿ ನಿಂತು ಟಿವಿ ಕಡೆ ನೋಡುತ್ತಾ ಕೈಯನ್ನು 'ಮೇಲಕ್ಕೆ' ತಳ್ಳಿದ. ಕೈ ಹೋದದ್ದು ಟಿವಿ ಕಡೆಗೆ, ನನ್ನ ಗುರುತು ಇದ್ದದ್ದು ಗೋಡೆಯ ಕಡೆಗೆ. ಮನುಷ್ಯ ಎಷ್ಟೇ ಓರೆ ನಿಂತರೂ ಅವನ ಮೇಲೆ-ಕೆಳಗೆ ತೀರ್ಮಾನವಾಗುವುದು ಪರದೆಯಿಂದ. ಜಾಯ್‌ಸ್ಟಿಕ್ ಯಾವಾಗಲೂ ಪರದೆಗೆ ನೇರವಾಗಿರಬೇಕು, ಬಟನ್ನುಗಳು ಬೇಕಾದರೆ ಓರೆ ಇರಲಿ. ಆ ಹುಡುಗ ಇಲ್ಲದಿದ್ದರೆ ಎರಡು ಜಾಯ್‌ಸ್ಟಿಕ್ ತಪ್ಪಾಗಿ ಕೂರುತ್ತಿದ್ದವು.

ತೂತಿನ ಅಳತೆಯಲ್ಲೂ ಎಚ್ಚರ ಬೇಕು. ಜಪಾನಿ ಬಟನ್ನಿಗೆ 30 ಮಿಲಿಮೀಟರ್, ಅಮೆರಿಕನ್ ಮಾದರಿಗೆ 28ರ ಆಸುಪಾಸು. ಜಪಾನಿ ಬಟನ್ ತೆಳು ಲೋಹದ ಪ್ಯಾನೆಲ್ಲಿಗೆಂದೇ ಮಾಡಿದ್ದು. 18 ಮಿಲಿಮೀಟರ್ ಮರದಲ್ಲಿ ಅದರ ಕ್ಲಿಪ್ಪು ಕಚ್ಚುವುದಿಲ್ಲ, ಜಾಯ್‌ಸ್ಟಿಕ್ಕಿನ ದಂಡವೂ ಗಿಡ್ಡವಾಗುತ್ತದೆ. ಕೆಳಗಿನಿಂದ ಮರ ಕೆತ್ತಿ ತೆಳ್ಳಗೆ ಮಾಡಬೇಕು. ಆರು ಬಟನ್ ಮೊದಲ ಇಬ್ಬರಿಗೆ ಮಾತ್ರ ಸಾಕು. ಕುಸ್ತಿಯ ಆಟ ಆಡುವವರು ಅವರೇ ತಾನೇ. ಮೂರು, ನಾಲ್ಕನೆಯವರಿಗೆ ನಾಲ್ಕು ಬಟನ್. ಒಂದೊಂದು ಜಾಯ್‌ಸ್ಟಿಕ್ಕಿನೊಳಗೆ ನಾಲ್ಕು ನಾಲ್ಕು, ಸ್ಟಾರ್ಟ್, ಕಾಯಿನ್ ಎಲ್ಲ ಸೇರಿ 44 ಸ್ವಿಚ್ಚು. ಅವನ್ನು ಕಂಪ್ಯೂಟರಿಗೆ ಜೋಡಿಸಲು ಒಬ್ಬೊಬ್ಬರಿಗೆ ಒಂದೊಂದು ಯುಎಸ್‌ಬಿ ಬೋರ್ಡು. ನಾಲ್ಕೂ ಒಂದೇ ಥರದ ಬೋರ್ಡಾದರೆ ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ಒಂದನೆಯವನು ಮೂರನೆಯವನಾಗುವುದೂ ಉಂಟು. ಯಾವ ಬೋರ್ಡು ಯಾವ ಪೋರ್ಟಿಗೆ ಅಂತ ಸಾಫ್ಟ್‌ವೇರಿನಲ್ಲೇ ಕಟ್ಟಿಹಾಕಬೇಕು.

ಮರದ ವಿಷಯದಲ್ಲಿ ನಮ್ಮ ಮಳೆಯೇ ಯಜಮಾನ. ಹೊರದೇಶದ ನಕ್ಷೆಗಳಲ್ಲೆಲ್ಲ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬಳಸಿ ಅಂತ ಇರುತ್ತದೆ. ಇಲ್ಲಿಯ ಜೂನ್, ಜುಲೈಗೆ ಸಾದಾ ಎಂಡಿಎಫ್ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಊದುತ್ತದೆ. ಪೆರುಂಬಾವೂರಿನ ಕಡೆಯಿಂದ ಬರುವ ಪ್ಲೈವುಡ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಭಾರತೀಯ ಮಾನಕ ಐಎಸ್ 303ರ ಬಿಡಬ್ಲ್ಯುಆರ್, ಅಂದರೆ ಕುದಿನೀರಿಗೂ ತಡೆಯುವ ದರ್ಜೆ ಸಾಕು. ಬುಡದ ಹಲಗೆ ಮಾತ್ರ ಐಎಸ್ 710ರ ಮರೀನ್ ಇರಲಿ, ನೆಲ ಒರೆಸುವ ನೀರು ತಾಗುವುದು ಅಲ್ಲಿಗೇ. ಒರಲೆ ಹತ್ತದ ಹಾಗೆ ಕೆಳಗೆ ನಾಲ್ಕು ರಬ್ಬರ್ ಕಾಲು. ತುಲಾ ತಿಂಗಳ ಗುಡುಗು ಮಿಂಚಿಗೆ ಪ್ಲಗ್ ಎಳೆದಿಡುವುದು ಹೇಗೂ ನಮಗೆ ಅಭ್ಯಾಸ.

ಹಳೆ ಪೆಟ್ಟಿಗೆಗಳಲ್ಲಿ ಪಿಕ್ಚರ್ ಟ್ಯೂಬಿನ ಭಾರವೇ ಅವುಗಳನ್ನು ನಿಲ್ಲಿಸುತ್ತಿತ್ತು. ಈಗಿನ ಟಿವಿ ಹಗುರ. ನಾಲ್ಕು ಜನ ಜಗ್ಗಿದರೆ ಪೆಟ್ಟಿಗೆ ಮುಂದಕ್ಕೆ ವಾಲುತ್ತದೆ. ಏನು ಮಾಡುವುದು ಅಂತ ನಾವು ಚರ್ಚೆ ಮಾಡುತ್ತಿರುವಾಗ ಆಚಾರಿ ಹೊರಗೆ ಹೋಗಿ, ಅಂಗಳದಲ್ಲಿ ಬಿದ್ದಿದ್ದ ಎರಡು ಮುರಕಲ್ಲುಗಳಿಗೆ ಅಳತೆ ಪಟ್ಟಿ ಹಿಡಿದು ನೋಡಿದರು. ಪೆಟ್ಟಿಗೆಯ ಹಿಂಬದಿ ಬುಡದಲ್ಲಿ ಅವಕ್ಕೊಂದು ಗೂಡು ಈಗ ನಕ್ಷೆಯಲ್ಲಿದೆ.

ಮಳೆಯ ಆಟಿ ತಿಂಗಳು ಕಳೆಯದೆ ಶೀಟು ಕೊಯ್ಯುವುದು ಬೇಡ, ಮರ ನೀರು ಕುಡಿದಿರುತ್ತದೆ ಅಂತ ಅವರೇ ಹೇಳಿದ್ದಾರೆ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆ ಕ್ಲಬ್ಬಿನ ಮೂಲೆಯಲ್ಲಿದೆ. ಮೊನ್ನೆ ನೋಡಿದರೆ ಜಾಯ್‌ಸ್ಟಿಕ್ಕಿನ ನಾಲ್ಕೂ ವೃತ್ತಗಳೊಳಗೆ ಹುಡುಗರು ಹೆಸರು ಬರೆದಿದ್ದಾರೆ, ಎರಡು ಕನ್ನಡದಲ್ಲಿ, ಒಂದು ಮಲಯಾಳದಲ್ಲಿ. ಮೂರನೆಯ ವೃತ್ತದಲ್ಲಿ ಎರಡು ಹೆಸರಿದ್ದು, ಒಂದನ್ನು ಯಾರೋ ಪೆನ್ಸಿಲಿನಲ್ಲಿ ಜೋರಾಗಿ ಹೊಡೆದು ಹಾಕಿದ್ದಾರೆ.