ಇನ್ನೊಂದು ಸಲ ನೋಡಿ, ಆಮೇಲೆ ಪಟ್ಟಿ ಬರೆಯಿರಿ

ಸಿನಿಮಾ ರಸಗ್ರಹಣ ಶಿಬಿರ ನಡೆಸುವುದು ನನ್ನ ಕೆಲಸ. ಬರುವವರಿಗೆ ಮೊದಲೇ ಹೇಳಿರುತ್ತೇನೆ: ಕಳೆದ ಹತ್ತು ವರ್ಷಗಳಲ್ಲಿ ನಿಮಗೆ ತುಂಬಾ ಇಷ್ಟವಾದ ಐದು ಕನ್ನಡ ಸಿನಿಮಾ ಬರೆದು ತನ್ನಿ. ಹಾಳೆಗಳನ್ನು ಜೋಡಿಸಿಕೊಂಡು ಕೂತರೆ ಪ್ರತಿ ಸಲವೂ ಅದೇ. ‘ಕೆಜಿಎಫ್’, ‘ಕಾಂತಾರ’, ಈಚೆಗೆ ಬಂದದ್ದು ಒಂದೆರಡು. ಕೊನೆಯಲ್ಲಿ, ಮೇಷ್ಟ್ರಿಗೆ ಇಷ್ಟ ಆಗಬಹುದು ಅಂತ ‘ತಿಥಿ’.

ಈ ಸಿನಿಮಾಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ “ಇದನ್ನ ಮತ್ತೆ ಯಾವಾಗ ನೋಡಿದ್ರಿ?” ಅಂತ ಕೇಳುತ್ತೇನೆ. “ಬಂದಾಗ ನೋಡಿದ್ದು ಸಾರ್, ಆಮೇಲೆ ಇಲ್ಲ” ಅನ್ನುತ್ತಾರೆ. ನನಗೆ ತಾಳ್ಮೆ ತಪ್ಪುವುದು ಇಲ್ಲೇ.

ಬಿಡುಗಡೆಯ ವಾರ ನೀವು ನೋಡುವುದು ಸಿನಿಮಾ ಒಂದನ್ನೇ ಅಲ್ಲ. 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ನೋಡಿದವರು ಶಿಳ್ಳೆ, ಕೂಗಾಟ, ಪಕ್ಕದಲ್ಲಿದ್ದ ಗೆಳೆಯ, ಟಿಕೆಟ್ ಸಿಕ್ಕಿದ ಸಂಭ್ರಮ ಎಲ್ಲವನ್ನೂ ಸೇರಿಸಿ ನೋಡಿದ್ದಾರೆ. 2022ರಲ್ಲಿ ‘ಕಾಂತಾರ’ದ ಕೊನೆಯ ಭಾಗಕ್ಕೆ ಮೈ ಜುಮ್ಮೆಂದಿದ್ದು ಪರದೆಯಿಂದ ಎಷ್ಟು, ಸುತ್ತ ಕೂತ ಜನರಿಂದ ಎಷ್ಟು? ಅಲ್ಲೇ ಕೂತು ಬೇರ್ಪಡಿಸಲು ಯಾರಿಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಆ ಖುಷಿ ನಿಜವಾದದ್ದೇ. ಆದರೆ ಅದು ಆ ದಿನದ ಖುಷಿ. ನಾನು ಕೇಳುತ್ತಿರುವುದು ಸಿನಿಮಾದ ಬಗ್ಗೆ.

ಇದು ಉಲ್ಟಾ ದಿಕ್ಕಿನಲ್ಲೂ ಆಗುತ್ತದೆ. ‘ತಿಥಿ’ ಬರೆದ ಹುಡುಗಿಯೊಬ್ಬಳಿಗೆ ನೆನಪಿದ್ದದ್ದು ದಾರಿಹೋಕರಿಗೆ ನೂರು ದಾಟಿದ ಅಜ್ಜ ಸೆಂಚುರಿ ಗೌಡ ಬೈಯುವುದು ಮಾತ್ರ. ನಕ್ಕಿದ್ದಳು, ಅಷ್ಟೇ. ಶಿಬಿರದಲ್ಲಿ ಮತ್ತೆ ಹಾಕಿದೆವು. ಕುರಿಗಾಹಿಗಳ ಜೊತೆ ರಾತ್ರಿ ಬೆಂಕಿ ಮುಂದೆ ಕೂತ ಸೆಂಚುರಿ ಗೌಡನ ಮಗ ಗಡ್ಡಪ್ಪ ತನ್ನ ಬದುಕು ಹೇಳಿಕೊಳ್ಳುತ್ತಾನಲ್ಲ, ಅಲ್ಲಿ ಅವಳು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು. “ಈ ಸೀನ್ ಇತ್ತಾ ಸಾರ್?” ಅಂದಳು. ಇತ್ತು. ಸುಮ್ನೆ ನಕ್ಕುಕೊಂಡು ದಾಟಿ ಹೋಗಿದ್ದಳು.

ಹತ್ತು ವರ್ಷ ಅಂದೆನಲ್ಲ, ಆ ಲೆಕ್ಕಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ‘ತಿಥಿ’ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದದ್ದು 2015ರಲ್ಲಿ, ನಮ್ಮ ಥಿಯೇಟರಿಗೆ ಬಂದದ್ದು 2016ರಲ್ಲಿ. ‘ಶಿವಮ್ಮ’ 2022ರಲ್ಲೇ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದರೂ ಇಲ್ಲಿ ತೆರೆ ಕಂಡದ್ದು 2024ರಲ್ಲಿ. ನಾನು ಥಿಯೇಟರಿನ ವರ್ಷ ಹಿಡಿಯುತ್ತೇನೆ.

ಮತ್ತೆ ನೋಡುವಾಗ ಒಬ್ಬರೇ ನೋಡಿ, ಒಂದೇ ಕೂತಲ್ಲಿ. ಫೋನ್ ಬೇರೆ ಕೋಣೆಯಲ್ಲಿರಲಿ. ಓಡಿಸಿಕೊಂಡು ನೋಡಬೇಡಿ. ಮಾರನೇ ದಿನ ಒಂದು ದೃಶ್ಯ ಬರೆಯಿರಿ. ಡೈಲಾಗ್ ಬೇಡ. ಯಾರು ಎಲ್ಲಿ ನಿಂತಿದ್ದರು, ಬೆಳಕು ಹೇಗಿತ್ತು, ಏನು ಕೇಳಿಸುತ್ತಿತ್ತು ಅಷ್ಟು ಸಾಕು. ಬರೆಯಲು ಬಂದರೆ ಅದು ಪಟ್ಟಿಯಲ್ಲಿರಲಿ. ಎಲ್ಲರಿಗೂ ಇದೇ ದಾರಿ ಒಗ್ಗುತ್ತದೆ ಅಂತ ಹೇಳಲಾರೆ. ಕಣ್ಣಿಗಿಂತ ಕಿವಿಯಿಂದ ಜಾಸ್ತಿ ನೆನಪಿಟ್ಟುಕೊಳ್ಳುವವರಿದ್ದಾರೆ. ಅವರು ಹಾಡಿನಿಂದ ಶುರು ಮಾಡಲಿ.

ಶಿಕ್ಷಕರಿಗೆಂದು ನಡೆಸಿದ ಒಂದು ಶಿಬಿರದಲ್ಲಿ ಐವತ್ತರ ಹತ್ತಿರದ ಮೇಷ್ಟ್ರೊಬ್ಬರಿದ್ದರು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಅವರ ಪಟ್ಟಿಯಲ್ಲಿ ಐದನೆಯದು. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ. 2016ರಲ್ಲಿ ನೋಡಿದಾಗ ರೌಡಿಗಳ ಕಥೆ ಚೆನ್ನಾಗಿತ್ತು, ಅನಂತನಾಗ್ ಚೆನ್ನಾಗಿ ಮಾಡಿದ್ದರು ಅಂತ ಅವರಿಗೆ ನೆನಪು. ಮನೆಗೆ ಹೋಗಿ ಮತ್ತೆ ನೋಡಿ ಬನ್ನಿ ಅಂದೆ.

ಮಾರನೇ ದಿನ ಬಂದರು. ಹಾಳೆಯಲ್ಲಿ ಉಳಿದ ನಾಲ್ಕೂ ಹೆಸರುಗಳ ಮೇಲೆ ಗೀಟು ಎಳೆದಿದ್ದರು. “ಅರ್ಧಕ್ಕೇ ನಿಲ್ಲಿಸಿಬಿಟ್ಟೆ ಸಾರ್” ಅಂದರು. “ನಮ್ಮಪ್ಪನಿಗೂ ಈಗ ಮರೆವು. ಆಗ ಇರಲಿಲ್ಲ.” ಕಾಣೆಯಾದವರ ಜಾಹೀರಾತಿನ ಭಾಷೆಯನ್ನೇ ಹೆಸರಾಗಿ ಇಟ್ಟಿದ್ದಾರೆ ಅಂತ ಆಗ ಹೊಳೆದೇ ಇರಲಿಲ್ಲವಂತೆ. ಫೋನ್ ತೆಗೆದು ತೋರಿಸಿದರು. ಅಪ್ಪನ ಫೋಟೋ ಇತ್ತು. ಕೆಳಗೆ ವಯಸ್ಸು, ಎತ್ತರ, ಮೈಬಣ್ಣ, ಎಡಗೈ ಮೇಲಿನ ಮಚ್ಚೆ, ಮಾತಾಡುವ ಭಾಷೆ. ರಾತ್ರಿ ಸಿನಿಮಾ ನಿಲ್ಲಿಸಿ ಕೂತು ಬರೆದದ್ದು.

ಉಳಿದರ್ಧ ನೋಡಿ ಅಂತ ನಾನು ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಅವರದೇ ಫೋನ್ ಬಂತು. ಪೂರ್ತಿ ನೋಡಿದೆ, ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ ಅಂದರು.