ಅಡುಗೆಮನೆಯ ಸೂರಿಗೆ ಬಿದ್ದ ಬಿಸಿಲು

ಮಾರ್ಚ್ ಕೊನೆಯ ಬೆಳಿಗ್ಗೆಗಳಲ್ಲಿ, ಏಳು ಗಂಟೆ ದಾಟುತ್ತಿದ್ದಂತೆ, ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆಗೆ ಎರಡು ಚೌಕದ ಬಿಸಿಲು ಬರುತ್ತದೆ. ಒಂದು ಎಂದಿನಂತೆ ನೆಲಕ್ಕೆ ಬೀಳುತ್ತದೆ. ಇನ್ನೊಂದು ಸೂರಿಗೆ! ಅದರೊಳಗೆ ಕಿಟಕಿ ಸರಳುಗಳ ನೆರಳು ತಲೆಕೆಳಗಾಗಿ ನಿಂತಿರುತ್ತದೆ. ಇಪ್ಪತ್ತು ನಿಮಿಷದಲ್ಲಿ ಆ ಚೌಕ ಕಿಟಕಿಯತ್ತ ಎರಡು ಮೊಳ ಸರಿದು ಮಾಯವಾಗುತ್ತದೆ. ಅಷ್ಟು ಹೊತ್ತು ಸಿಂಕಿನ ಮುಂದೆ ನಿಂತವರು ಕಣ್ಣು ಕಿರಿದು ಮಾಡಿಕೊಂಡೇ ಪಾತ್ರೆ ತೊಳೆಯಬೇಕು. ಕಾರಣ, ಪೂರ್ವಕ್ಕಿರುವ ಪಕ್ಕದ ಮನೆಯ ತಾರಸಿ. ನಮ್ಮ ಕಿಟಕಿಗಿಂತ ಒಂದು ಮಹಡಿ ತಗ್ಗಿನಲ್ಲಿರುವ ಆ ತಾರಸಿಯಲ್ಲಿ ಹೊಸದಾಗಿ ಸೌರ ಫಲಕಗಳು ಬಂದಿವೆ.

ಸೌರ ಫಲಕ ಬೆಳಕನ್ನು ಕುಡಿಯಬೇಕೇ ಹೊರತು ಉಗುಳಬಾರದು. ಹಿಂದಿರುಗಿದ ಬೆಳಕೆಂದರೆ ಕೈತಪ್ಪಿದ ವಿದ್ಯುತ್ತು. ಹಾಗಾಗಿ ಪ್ರತಿಫಲನ ತಗ್ಗಿಸುವ ಹಟ ನೆರೆಯವರಿಗಿಂತ ತಯಾರಕರಿಗೇ ಹೆಚ್ಚು. ಫಲಕದೊಳಗೆ ವಿದ್ಯುತ್ತು ಹುಟ್ಟಿಸುವ ವಸ್ತು ಸಿಲಿಕಾನ್. ಬರಿಯ ಸಿಲಿಕಾನ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 30ಕ್ಕೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪಿರಮಿಡ್‌ಗಳನ್ನು ಕೊರೆದು, ಮೇಲೆ ಸುಮಾರು 75 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪಿಸುತ್ತಾರೆ. ಹಲವು ಫಲಕಗಳು ನೀಲಿಯಾಗಿ ಕಾಣುವುದು ಈ ಲೇಪನದಿಂದಲೇ. ಇಷ್ಟಾದ ಮೇಲೆ ಉಳಿಯುವ ಮುಖ್ಯ ಕನ್ನಡಿಯೆಂದರೆ ಹೊರಗಿನ ಗಾಜು.

ಗಾಜಿನ ಸ್ವಭಾವ ವಿಚಿತ್ರ. ಬೆಳಕು ನೆತ್ತಿಯ ಮೇಲಿಂದ ನೇರವಾಗಿ ಬಿದ್ದರೆ ಅದು ಶೇ. 4ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಲೇಪನವಿದ್ದರೆ ಇನ್ನೂ ಕಡಿಮೆ. ಲಂಬದಿಂದ 60 ಡಿಗ್ರಿ ಓರೆಯಾದಾಗ ಅದು ಶೇ. 9 ಆಗುತ್ತದೆ. 75 ಡಿಗ್ರಿಗೆ ಶೇ. 25, 85 ಡಿಗ್ರಿಗೆ ಶೇ. 60. 19ನೆಯ ಶತಮಾನದ ಆರಂಭದಲ್ಲೇ ಫ್ರಾನ್ಸಿನ ಭೌತವಿಜ್ಞಾನಿ ಫ್ರೆನೆಲ್ ಇದರ ಸಮೀಕರಣಗಳನ್ನು ಬರೆದಿಟ್ಟಿದ್ದಾನೆ. ನಡು ಮಧ್ಯಾಹ್ನ ಬಡಪಾಯಿಯಂತೆ ಬಿದ್ದಿರುವ ಫಲಕ ಹೊತ್ತು ಹುಟ್ಟುವಾಗ, ಮುಳುಗುವಾಗ ಕನ್ನಡಿಯಾಗುವುದು ಹೀಗೆ. ಸುಣ್ಣ ಬಳಿದ ಗೋಡೆ ಇದಕ್ಕಿಂತ ಎಷ್ಟೋ ಹೆಚ್ಚು ಬೆಳಕನ್ನು ಹಿಂದಿರುಗಿಸುತ್ತದೆ, ಆದರೆ ಎಲ್ಲ ದಿಕ್ಕಿಗೂ ಹಂಚಿಬಿಡುತ್ತದೆ. ಗಾಜು ಹಂಚುವುದಿಲ್ಲ, ಸೂರ್ಯನ ಬಿಂಬವನ್ನೇ ಇಡಿಯಾಗಿ ಒಂದೇ ಕಡೆಗೆ ಕಳಿಸುತ್ತದೆ. ಆ ಬಿಂಬದ ಶೇ. 4 ಕೂಡ ಮೊಬೈಲ್ ಪರದೆಗಿಂತ ಹತ್ತಾರು ಸಾವಿರ ಪಟ್ಟು ಪ್ರಖರ.

ಹಾಗಾದರೆ ಅದು ಯಾವ ಕಡೆಗೆ ಹೋಗುತ್ತದೆ? ಇಡೀ ಪ್ರಶ್ನೆ ಇರುವುದೇ ಇಲ್ಲಿ, ಉತ್ತರವೂ ಸೊಗಸಾಗಿದೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಫಲಕವನ್ನು ದಕ್ಷಿಣಕ್ಕೆ 13 ಡಿಗ್ರಿ ಬಾಗಿಸಿ ಇಟ್ಟರೆ, ಹಗಲು ರಾತ್ರಿ ಸಮವಾಗಿರುವ ಮಾರ್ಚ್ ದಿನಗಳಲ್ಲಿ ಬೆಳಗಿನ ಬಿಸಿಲು ಪ್ರತಿಫಲಿಸಿ ಹೋಗುವುದು ಅದೇ ಸಂಜೆ ಸೂರ್ಯ ಇಳಿಯುವ ಕಡೆಗೆ. ಡಿಸೆಂಬರಿನ ಬೆಳಗಿನ ಕಿರಣ ಜೂನ್ ತಿಂಗಳ ಸೂರ್ಯಾಸ್ತದ ದಿಕ್ಕು ಹಿಡಿಯುತ್ತದೆ, ಜೂನ್ ತಿಂಗಳದು ಡಿಸೆಂಬರಿನ ದಿಕ್ಕು. ಮಧ್ಯಾಹ್ನದ್ದು ಆಕಾಶಕ್ಕೆ ವಾಪಸು, ಯಾರಿಗೂ ತೊಂದರೆಯಿಲ್ಲ. ನಮ್ಮ ಕಿಟಕಿ ಫಲಕಗಳ ನೇರ ಪಶ್ಚಿಮಕ್ಕಿದೆ, ಅದಕ್ಕೇ ಯುಗಾದಿಯ ಆಸುಪಾಸಿನಲ್ಲಿ ನಮ್ಮ ಪಾಳಿ.

ಈ ಲೆಕ್ಕವನ್ನು ಮೊದಲೇ ಮಾಡದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್-ಬಾಸ್ಟನ್ ವಿಮಾನ ನಿಲ್ದಾಣ ಸಾಕ್ಷಿ. 2012ರಲ್ಲಿ ಅಲ್ಲಿನ ಕಾರು ನಿಲುಗಡೆ ಕಟ್ಟಡದ ಮೇಲೆ ಹಾಕಿದ ಫಲಕಗಳು ಬೆಳಗಿನ ಹೊತ್ತು ನಿಯಂತ್ರಣ ಗೋಪುರದವರ ಕಣ್ಣಿಗೇ ಹೊಡೆದವು. ಕೆಲವು ಫಲಕಗಳಿಗೆ ಟಾರ್ಪಾಲು ಹೊದಿಸಬೇಕಾಯಿತು. ಕೊನೆಗೆ ಅವುಗಳನ್ನು ಪೂರ್ವಕ್ಕೆ ತಿರುಗಿಸಿ ಕೂರಿಸಿದರು. ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯ ಇಂತಹ ತೊಂದರೆಯನ್ನು ಮೊದಲೇ ಅಳೆಯುವ ತಂತ್ರಾಂಶ ರೂಪಿಸಿತು. ಫಲಕದ ಜಾಗ, ಓರೆ ಮತ್ತು ನೋಡುವವರ ಜಾಗ ಕೊಟ್ಟರೆ ಅದು ವರ್ಷವಿಡೀ ಯಾವ ದಿನ, ಯಾವ ನಿಮಿಷ ಕಣ್ಣು ಕೋರೈಸುತ್ತದೆಂದು ಹೇಳುತ್ತದೆ. ತೊಂದರೆಯ ಮಟ್ಟವನ್ನು ಬಣ್ಣದಲ್ಲಿ ತೋರಿಸುತ್ತದೆ: ಹಸಿರು ಎಂದರೆ ನೋಡಿದ ಬೆಳಕಿನ ಕಲೆ ಸ್ವಲ್ಪ ಹೊತ್ತು ಕಣ್ಣಿನಲ್ಲಿ ನಿಲ್ಲುವ ಸಂಭವ ಕಡಿಮೆ, ಹಳದಿ ಎಂದರೆ ನಿಲ್ಲಬಹುದು, ಕೆಂಪು ಎಂದರೆ ಕಣ್ಣಿಗೆ ಶಾಶ್ವತ ಹಾನಿಯ ಭಯ. ಚಪ್ಪಟೆ ಗಾಜಿನ ಫಲಕಗಳು ಕೆಂಪಿಗೆ ಹೋಗುವುದಿಲ್ಲ.

ಜರ್ಮನಿಯಲ್ಲಿ ಮನೆಗಳಿಗೂ ಮಾರ್ಗಸೂಚಿಯಿದೆ: ಇಂತಹ ಪ್ರತಿಫಲನ ದಿನಕ್ಕೆ 30 ನಿಮಿಷ ಅಥವಾ ವರ್ಷಕ್ಕೆ 30 ಗಂಟೆ ಮುಟ್ಟಿದರೆ ಅದು ಗಂಭೀರ ಕಿರಿಕಿರಿ. ಸೂರ್ಯನೂ ಅವನ ಬಿಂಬವೂ 10 ಡಿಗ್ರಿಯೊಳಗೆ ಒಟ್ಟಿಗೇ ಕಂಡರೆ ಲೆಕ್ಕಕ್ಕಿಲ್ಲ, ಏಕೆಂದರೆ ಆಗ ಕಣ್ಣು ಕುಕ್ಕುವುದು ಅಸಲಿ ಸೂರ್ಯನೇ. ಈ ವಿನಾಯಿತಿ ನನಗೆ ಬಹಳ ಹಿಡಿಸಿತು. ನಮ್ಮ ಇಪ್ಪತ್ತು ನಿಮಿಷ ದಿನದ ಮಿತಿಯೊಳಗೇ ಇದೆ, ಜಗಳಕ್ಕೆ ಹೋಗುವಂತಿಲ್ಲ.

ಉಬ್ಬುತಗ್ಗಿನ ಗಾಜು ಒಂದು ಪರಿಹಾರ ಎನ್ನುತ್ತಾರೆ. ಅದು ಬಿಂಬವನ್ನು ಚದುರಿಸಿ ಮಂಕು ಮಾಡುತ್ತದೆ ನಿಜ, ಆದರೆ ಒಂದು ಮನೆಗೆ ಹೋಗುತ್ತಿದ್ದುದನ್ನು ಮೂರು ಮನೆಗೆ ಹಂಚುತ್ತದೆ. ನನಗೆ ಅಡ್ಡಗೋಡೆಯ ಮೇಲೆ ಹೆಚ್ಚು ನಂಬಿಕೆ. ಬೆಳಗಿನ ಪ್ರತಿಫಲನ ಪಶ್ಚಿಮಕ್ಕೆ, ತಗ್ಗಾಗಿ ಹೋಗುತ್ತದೆ. ಆ ಬದಿಯಲ್ಲಿ ಎದೆಮಟ್ಟದ ಮರೆ ಇದ್ದರೆ ಅಲ್ಲೇ ನಿಲ್ಲುತ್ತದೆ. ಮರೆಯ ನೆರಳು ಫಲಕದ ಮೇಲೆ ಬೀಳುವುದು ಸಂಜೆ ಸೂರ್ಯ ತೀರಾ ಇಳಿದಾಗ. ಆ ಹೊತ್ತಿಗೆ ಹೇಗೂ ವಿದ್ಯುತ್ತು ಹುಟ್ಟುವುದು ಅಷ್ಟಕ್ಕಷ್ಟೆ.

ಪಕ್ಕದ ಮನೆಯವರಿಗೆ ಇದನ್ನು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಅವರು ಗೋಡೆ ಎತ್ತರಿಸಲಿಲ್ಲ, ಅದರ ಮೇಲೆ ಬೋಗನ್‌ವಿಲ್ಲಾ ಕುಂಡಗಳನ್ನು ಸಾಲಾಗಿ ಇಟ್ಟರು. ಈ ಮಾರ್ಚಿನಲ್ಲಿ ಸೂರಿನ ಚೌಕ ಹರಿದ ಬಟ್ಟೆಯಂತಾಗಿತ್ತು. ಸರಳುಗಳ ನೆರಳಿನ ನಡುವೆ ಎಲೆಗಳು ಅಲ್ಲಾಡುತ್ತಿದ್ದವು.